ಸಿಯಾಕಮ್ ಕಾಲೇಜು ಬಿಟ್ಟದ್ದು ಯಾವಾಗ?

ನಮಸ್ಕಾರ ಮೇಡಂ,

ಹಾಸನದಿಂದ ನೀವು ಬರೆದ ಪತ್ರ ತಲುಪಿತು. ಮಗ ಬಿಕಾಂ ಎರಡನೇ ವರ್ಷ, ಆರಡಿ ಮೂರಿಂಚು ಎತ್ತರ, ಕಾಲೇಜು ತಂಡದಲ್ಲಿ ಫಾರ್ವರ್ಡ್, ಅಂದರೆ ಬುಟ್ಟಿಯ ಹತ್ತಿರ ಆಡುವವನು. ಬ್ಯಾಸ್ಕೆಟ್‌ಬಾಲ್ ಹಿಡಿದದ್ದೇ ಪಿಯುಸಿಗೆ ಬಂದ ಮೇಲೆ. ಈಗ ಕಾಲೇಜು ಬಿಟ್ಟು ದಿನವಿಡೀ ಆಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ಬೇಡ ಅಂದರೆ, "ಪಾಸ್ಕಲ್ ಸಿಯಾಕಮ್ ಕೂಡ ಹದಿನೇಳಕ್ಕೆ ಶುರು ಮಾಡಿದ್ದು, ಅವನೂ ಕಾಲೇಜು ಅರ್ಧಕ್ಕೇ ಬಿಟ್ಟದ್ದು" ಅಂತಾನೆ. ಸಿಯಾಕಮ್ ಅಂದರೆ ಅಮೆರಿಕ, ಕೆನಡಾದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರ. ಮಗ ಹೇಳುವುದು ನಿಜವಾ ಅಂತ ಕೇಳಿದ್ದೀರಿ.

ಎರಡೂ ನಿಜ. ಆದರೆ ಆ ಎರಡರ ನಡುವೆ ಐದು ವರ್ಷ ಇದೆ. ಆ ಐದು ವರ್ಷದ ಕತೆಯನ್ನು ನಿಮ್ಮ ಮಗ ಓದಿಲ್ಲ ಅಥವಾ ಓದಿದ್ದರೂ ನಿಮಗೆ ಹೇಳಿಲ್ಲ.

ಸಿಯಾಕಮ್ ಹುಟ್ಟಿದ್ದು ಕ್ಯಾಮರೂನ್ ದೇಶದ ಡುವಾಲಾದಲ್ಲಿ, 1994ರಲ್ಲಿ. ಮಗ ಪಾದ್ರಿಯಾಗಲಿ ಅಂತ ಅಪ್ಪ ಚಿಕ್ಕ ವಯಸ್ಸಿನಲ್ಲೇ ಬಾಫಿಯಾ ಎಂಬ ಊರಿನ ಸೆಮಿನರಿಗೆ ಸೇರಿಸಿದರು. ಹುಡುಗನಿಗೆ ಫುಟ್‌ಬಾಲ್ ಇಷ್ಟ. 2011ರಲ್ಲಿ ಅದೇ ದೇಶದ ಎನ್‌ಬಿಎ ಆಟಗಾರ ಲುಕ್ ಎಂಬಾ ಮುಟೆ ನಡೆಸಿದ ಶಿಬಿರಕ್ಕೆ ಹೋದದ್ದೂ ಹೆಚ್ಚುಕಡಿಮೆ ಸುಮ್ನೆ, ನೋಡೋಣ ಅಂತ. ಮರುವರ್ಷ ದಕ್ಷಿಣ ಆಫ್ರಿಕಾದ ಶಿಬಿರ, ಆಮೇಲೆ ಟೆಕ್ಸಸ್‌ನ ಒಂದು ಶಾಲೆ, ಅಲ್ಲಿಂದ ನ್ಯೂ ಮೆಕ್ಸಿಕೋ ಸ್ಟೇಟ್ ವಿಶ್ವವಿದ್ಯಾಲಯದ ಸ್ಕಾಲರ್‌ಶಿಪ್. ಅವನ ಮೂವರು ಅಣ್ಣಂದಿರು ಆಗಲೇ ಅಮೆರಿಕದ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ್ದರು. ದಾರಿ ಗೊತ್ತಿದ್ದ ಮನೆ ಅದು. ಇದನ್ನೂ ಮರೆಯಬಾರದು.

ಕಾಲೇಜು ಸೇರಿದ ಮೊದಲ ವರ್ಷ, 2013–14ರಲ್ಲಿ, ಅವನು ಒಂದೇ ಒಂದು ಪಂದ್ಯ ಆಡಲಿಲ್ಲ. ಅಲ್ಲಿ ಇದಕ್ಕೆ ರೆಡ್‌ಶರ್ಟ್ ಅಂತಾರೆ. ಐದು ವರ್ಷದೊಳಗೆ ನಾಲ್ಕು ಸೀಸನ್ ಆಡಬಹುದು ಅನ್ನೋದು ಆಗಿನ ನಿಯಮ, ಹಾಗಾಗಿ ಇನ್ನೂ ತಯಾರಾಗದ ಹುಡುಗನನ್ನು ಒಂದು ವರ್ಷ ಪಂದ್ಯಕ್ಕೆ ಇಳಿಸದೆ, ತಂಡದ ಜೊತೆ ಅಭ್ಯಾಸಕ್ಕೆ ಮಾತ್ರ ಇಟ್ಟುಕೊಳ್ಳುತ್ತಾರೆ. ಓದು, ಊಟ, ಜಿಮ್, ಕೋಚ್ ಎಲ್ಲವೂ ಇರುತ್ತದೆ. ಪೇಪರಿನಲ್ಲಿ ಮಾತ್ರ ಹೆಸರು ಬರುವುದಿಲ್ಲ. ಆ ವರ್ಷ ತಂಡದ ಸೆಂಟರ್, ಅಂದರೆ ಬುಟ್ಟಿಯ ಕೆಳಗೆ ನಿಲ್ಲುವ ಎತ್ತರದ ಆಟಗಾರ, ಆಗಿದ್ದವನು ಸಿಮ್ ಭುಲ್ಲರ್, ಕೆನಡಾದ ಪಂಜಾಬಿ ಮನೆತನದ ಏಳಡಿ ಐದಿಂಚಿನ ಹುಡುಗ. ಮುಂದೆ 2015ರಲ್ಲಿ ಎನ್‌ಬಿಎ ಆಡಿದ ಮೊದಲ ಭಾರತೀಯ ಮೂಲದವನಾದ. ಅಷ್ಟು ಎತ್ತರದವನ ಜೊತೆ ಅಭ್ಯಾಸ ಮಾಡುವ ಭಾಗ್ಯ ಎಷ್ಟು ಫಾರ್ವರ್ಡ್‌ಗಳಿಗೆ ಸಿಗುತ್ತೆ ಹೇಳಿ!

2014ರ ಅಕ್ಟೋಬರ್‌ನಲ್ಲಿ, ಕಾಲೇಜಿನಲ್ಲಿ ಅವನ ಮೊದಲ ಪಂದ್ಯಕ್ಕೂ ಮುಂಚೆ, ಅಪ್ಪ ಕಾರು ಅಪಘಾತದಲ್ಲಿ ತೀರಿಕೊಂಡರು. ಮಗ ಆಡುವುದನ್ನು ಅವರು ನೋಡಲೇ ಇಲ್ಲ. ಆ ಸೀಸನ್‌ನಲ್ಲೇ ಅವನು ಪಂದ್ಯಕ್ಕೆ ಸರಾಸರಿ 12.8 ಅಂಕ ಗಳಿಸಿದ. ಮುಂದಿನ ಸೀಸನ್‌ನಲ್ಲಿ 20.3 ಅಂಕ, 11.6 ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು). ಅವನ ಕಾಲೇಜು ಆಡುತ್ತಿದ್ದ ಕಾಲೇಜುಗಳ ಗುಂಪಿನಲ್ಲಿ ವರ್ಷದ ಆಟಗಾರ ಅವನೇ.

ಅವನು ಕಾಲೇಜು ಬಿಟ್ಟದ್ದು ಆಗ, 2016ರಲ್ಲಿ. ಆಟ ಕಲಿಯಬೇಕು ಅಂತ ಬಿಟ್ಟದ್ದಲ್ಲ. ಕಾಲೇಜಿನಲ್ಲಿ ಇದ್ದುಕೊಂಡೇ ಕಲಿತು, ಕೊಳ್ಳುವವರು ಬಂದ ಮೇಲೆ ಬಿಟ್ಟದ್ದು. ಎನ್‌ಬಿಎ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದಕ್ಕೆ ಡ್ರಾಫ್ಟ್ ಅಂತಾರೆ. ಅದರಲ್ಲಿ ಒಟ್ಟು 60 ಜಾಗ, ಮೊದಲ ಸುತ್ತಿನ 30ಕ್ಕೆ ಮಾತ್ರ ಮೊದಲೆರಡು ವರ್ಷದ ಸಂಬಳ ಗ್ಯಾರಂಟಿ. ಟೊರಾಂಟೊ ರಾಪ್ಟರ್ಸ್ ಅವನನ್ನು 27ನೆಯವನಾಗಿ ತೆಗೆದುಕೊಂಡಿತು. ನಾಲ್ಕು ಜಾಗ ಆಚೆ ಹೋಗಿದ್ದರೆ ಆ ಗ್ಯಾರಂಟಿ ಇರುತ್ತಿರಲಿಲ್ಲ.

ಅಲ್ಲಿಗೂ ಮುಗಿಯಲಿಲ್ಲ. ಮೊದಲ ವರ್ಷವೇ ಅವನನ್ನು ರಾಪ್ಟರ್ಸ್ 905 ಎಂಬ ಕೆಳಗಿನ ಲೀಗ್‌ನ ತಂಡಕ್ಕೂ ಕಳಿಸಿದರು. ಮುಖ ಸಿಂಡರಿಸದೆ ಹೋದ, ಆ ತಂಡ 2017ರಲ್ಲಿ ಕಪ್ ಗೆದ್ದಿತು, ಫೈನಲ್‌ನ ಶ್ರೇಷ್ಠ ಆಟಗಾರನೂ ಅವನೇ. ಆದರೆ ದೂರದ ಹೊಡೆತ ಇನ್ನೂ ಬರುತ್ತಿರಲಿಲ್ಲ. 2017–18ರಲ್ಲಿ ಹೊಡೆದ ಮೂರು ಪಾಯಿಂಟ್ ಹೊಡೆತಗಳಲ್ಲಿ ನೂರಕ್ಕೆ 22 ಮಾತ್ರ ಒಳಗೆ ಬಿದ್ದವು, ಮರುವರ್ಷ ಸುಮಾರು 37. ಇದು ಪ್ರತಿಭೆಯ ಮಾತಲ್ಲ, ಬೇಸಿಗೆಯಿಡೀ ಅದೇ ಜಾಗದಿಂದ ಅದೇ ಹೊಡೆತ ಹೊಡೆದವನ ಲೆಕ್ಕ.

ನಿಮ್ಮ ಮಗನಿಗೆ 2019ರ ಎನ್‌ಬಿಎ ಫೈನಲ್ಸ್‌ನ ಮೊದಲ ಪಂದ್ಯ ನೋಡಲು ಹೇಳಿ. ಸಿಯಾಕಮ್ 17 ಹೊಡೆತದಲ್ಲಿ 14 ಹಾಕಿ 32 ಅಂಕ ಗಳಿಸಿದ್ದ. ಅಂಕ ಬಿಡಿ, ಕಾಲು ನೋಡಲಿ. ಎದುರಾಳಿಯ ಎದೆಗೆ ಭುಜ ತಾಗುವಷ್ಟು ಹತ್ತಿರ ಹೋಗ್ತಾನೆ, ಆ ಎದುರಾಳಿ ಒಂದು ಕಡೆ ವಾಲುತ್ತಿದ್ದ ಹಾಗೇ ಒಂದೇ ಕಾಲ ಮೇಲೆ ಗಿರಕ್ಕನೆ ತಿರುಗಿ ಇನ್ನೊಂದು ಕಡೆಯಿಂದ ಬುಟ್ಟಿಯ ಕೆಳಗೆ ನುಗ್ಗುತ್ತಾನೆ. ಚೆಂಡು ದೇಹದಿಂದ ದೂರ ಹೋಗುವುದೇ ಇಲ್ಲ. ಆ ವರ್ಷ ಟೊರಾಂಟೊ ಚಾಂಪಿಯನ್ ಆಯಿತು, ಅತಿ ಹೆಚ್ಚು ಸುಧಾರಿಸಿದ ಆಟಗಾರ ಅನ್ನೋ ಪ್ರಶಸ್ತಿ ಇವನಿಗೆ ಬಂತು.

ಈಗ ನಮ್ಮ ವಿಷಯ. ನಮ್ಮಲ್ಲಿ ಡ್ರಾಫ್ಟ್ ಇಲ್ಲ, ರೆಡ್‌ಶರ್ಟ್ ಇಲ್ಲ. ಪಂಜಾಬಿನ ಸತ್ನಾಮ್ ಸಿಂಗ್ 14ರ ವಯಸ್ಸಿಗೇ ಫ್ಲೋರಿಡಾಕ್ಕೆ ಹೋಗಿ, ಕಾಲೇಜು ಆಡದೆ ನೇರವಾಗಿ ಡ್ರಾಫ್ಟ್‌ಗೆ ನಿಂತ. 2015ರಲ್ಲಿ ಡಲ್ಲಾಸ್ ತಂಡ 52ನೆಯವನಾಗಿ ಆರಿಸಿತು, ಎನ್‌ಬಿಎಯಲ್ಲಿ ಒಂದು ಪಂದ್ಯವೂ ಸಿಗಲಿಲ್ಲ. ಅವನು ಏಳಡಿ ಎರಡಿಂಚು, ಮೇಡಂ. ಆರಡಿ ಮೂರಕ್ಕೆ ಅಲ್ಲಿ ಗಾರ್ಡ್, ಅಂದರೆ ಬುಟ್ಟಿಯಿಂದ ದೂರ ನಿಂತು ಚೆಂಡು ನಡೆಸುವವನಾಗಿ ಆಡಿಸ್ತಾರೆ, ಆದ್ದರಿಂದ ನಿಮ್ಮ ಹುಡುಗ ಚೆಂಡು ನಡೆಸುವುದನ್ನು, ದೂರದಿಂದ ಹೊಡೆಯುವುದನ್ನು ಇವತ್ತಿನಿಂದಲೇ ಕಲಿಯಬೇಕು.

ಇಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿ ಜೀವನ ಕಟ್ಟಿಕೊಂಡವರಲ್ಲಿ ಜಾಸ್ತಿ ಜನ ರೈಲ್ವೆ, ಸೇನೆ, ಬ್ಯಾಂಕು, ಪೊಲೀಸ್ ತಂಡಗಳಿಗೆ ಕ್ರೀಡಾ ಕೋಟಾದಲ್ಲಿ ಸೇರಿದವರು. ಅಲ್ಲಿ ಅಂತರ ವಿಶ್ವವಿದ್ಯಾಲಯ ಪಂದ್ಯಗಳ ಸರ್ಟಿಫಿಕೇಟಿಗೆ ಬೆಲೆ ಇದೆ, ಕೆಲವು ಹುದ್ದೆಗೆ ಪದವಿಯೂ ಬೇಕು. ಕಾಲೇಜು ಬಿಟ್ಟ ದಿನವೇ ವಿಶ್ವವಿದ್ಯಾಲಯದ ತಂಡದ ಬಾಗಿಲು ಮುಚ್ಚುತ್ತದೆ. ಇದನ್ನು ಅವನಿಗೆ ಬಿಡಿಸಿ ಹೇಳಿ, ಬೈಯಬೇಡಿ. ಹತ್ತೊಂಬತ್ತರ ಹುಡುಗನಿಗೆ ಹೀಗೊಂದು ಹಂಬಲ ಹುಟ್ಟುವುದು ದೊಡ್ಡ ವಿಷಯ ಅಲ್ವಾ?

ಬೆಳಿಗ್ಗೆ ಕಾಲೇಜಿಗೆ ಮುಂಚೆ ಒಂದೂವರೆ ಗಂಟೆ, ಸಂಜೆ ತಂಡದ ಜೊತೆ ಎರಡು ಗಂಟೆ ಅಭ್ಯಾಸ ಸಾಧ್ಯವಾ ಅಂತ ಅವನ ಕೋಚ್ ಹತ್ತಿರ ನೀವೇ ಒಮ್ಮೆ ಮಾತಾಡಿ. ಮುಂದಿನ ಪತ್ರ ಅವನೇ ಬರೆಯಲಿ, ವಿಶ್ವವಿದ್ಯಾಲಯದ ಆಯ್ಕೆಗೆ ಹೇಗೆ ತಯಾರಾಗ್ತಿದ್ದಾನೆ ಅಂತ. ಅದಕ್ಕೂ ಇಷ್ಟೇ ಉದ್ದದ ಉತ್ತರ ಬರೆಯುತ್ತೇನೆ.

– ಸಂಪಾದಕ