ಹಳೇ 911 ಟರ್ಬೊ ಕಾಯುವಂತೆ ಮಾಡುತ್ತದೆ, ಮಜಾ ಇರುವುದೇ ಅಲ್ಲಿ

ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊ ಈಗಿನ ಸಣ್ಣ ಕಾರಿಗೂ ಬಂದಿದೆ, ಆದರೂ ಹಳೇ ಪೋರ್ಶೆ 911 ಟರ್ಬೊ ಅಂದರೆ ಜನ ಯಾಕೆ ಬಾಯಿ ಬಿಡುತ್ತಾರೆ ಅಂತ ಕೇಳಿದ್ದೀರಿ. ಅದು ನಮ್ಮನ್ನು ಕಾಯುವಂತೆ ಮಾಡುತ್ತದೆ, ಅದಕ್ಕೇ.

ನಾನು ತೀರ್ಥಹಳ್ಳಿ ಕಡೆಯವನು. ಕೆಲಸಕ್ಕೆಂದು ಎರಡು ವರ್ಷ ಪೋರ್ಶೆಯ ತವರು, ಜರ್ಮನಿಯ ಸ್ಟಟ್‌ಗಾರ್ಟ್‌ನಲ್ಲಿದ್ದೆ. ಜೊತೆಗೆ ಕೆಲಸ ಮಾಡುವವರೊಬ್ಬರ ಬಳಿ 1986ರ 911 ಟರ್ಬೊ ಇತ್ತು. ಒಂದು ಭಾನುವಾರ ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳ ಕಡೆ ಕರೆದುಕೊಂಡು ಹೋದರು. ನನಗೆ ಪಕ್ಕದ ಸೀಟು. ಕೀಲಿ ಕೊಡುವಷ್ಟು ಸಲುಗೆ ಇರಲಿಲ್ಲ ಬಿಡಿ.

ಅವರು ಆಕ್ಸಿಲರೇಟರ್ ಒತ್ತಿದರು. ಏನೂ ಆಗಲಿಲ್ಲ. ಆರ್‌ಪಿಎಂ ಮೀಟರಿನ ಒಳಗೇ, ಕೆಳಗಡೆ, ಟರ್ಬೊ ತುರುಕುವ ಗಾಳಿಯ ಒತ್ತಡ (ಬೂಸ್ಟ್) ತೋರಿಸುವ ಪುಟ್ಟ ಮೀಟರ್ ಇದೆ. ಅದರ ಮುಳ್ಳು ಸುಮ್ನೆ ಮಲಗಿತ್ತು. ಆಮೇಲೆ ಹಿಂದಿನಿಂದ ಸಣ್ಣ ಸೀಟಿಯಂಥ ಸದ್ದು. ನಮ್ಮೂರ ಮಳೆ ಹಾಗೇ ಬರುತ್ತದೆ ಅಲ್ವಾ? ಮೊದಲು ಎದುರು ಗುಡ್ಡದ ಕಾಡಿನಲ್ಲಿ ಸದ್ದು. ಅಂಗಳದ ಅಡಿಕೆ ಬಾಚಲು ಓಡುವಷ್ಟರಲ್ಲಿ ಮೈಮೇಲೆ. ಮುಳ್ಳು ಎದ್ದಿತು, ನನ್ನ ಬೆನ್ನು ಸೀಟಿಗೆ ಅಂಟಿತು.

ಟರ್ಬೊ ತಿರುಗುವುದು ಸೈಲೆನ್ಸರ್ ಕಡೆ ಹೋಗುವ ಹೊಗೆಯಿಂದ. ಹೊಗೆ ಒಂದು ಚಕ್ರ ತಿರುಗಿಸಿದರೆ, ಅದೇ ದಂಡದ ಇನ್ನೊಂದು ಚಕ್ರ ಎಂಜಿನ್ನಿಗೆ ಗಾಳಿ ತುರುಕುತ್ತದೆ. ಹಳೆಯದು ದೊಡ್ಡದು, ಭಾರ. ಹೊಗೆ ಜಾಸ್ತಿಯಾಗುವ ತನಕ ಏಳುವುದಿಲ್ಲ. ಈಗಿನವು ಚಿಕ್ಕವು, ಮೇಲೆ ಕಂಪ್ಯೂಟರ್ ಕಾವಲು ಬೇರೆ. ಕಾಯುವ ಹೊತ್ತು ಗೊತ್ತೇ ಆಗುವುದಿಲ್ಲ.

911 ಟರ್ಬೊ 1975ರಲ್ಲಿ ಮಾರಾಟಕ್ಕೆ ಬಂದಾಗ 3 ಲೀಟರ್ ಎಂಜಿನ್, 260 ಹಾರ್ಸ್‌ಪವರ್. 1978ರ ಯುರೋಪ್ ಮಾಡೆಲ್‌ನಲ್ಲಿ 3.3 ಲೀಟರ್, 300. ಗೇರು ನಾಲ್ಕೇ, ಐದನೆಯದು ಸಿಕ್ಕಿದ್ದು 1989ಕ್ಕೆ. ಎಂಜಿನ್ ಕೂತಿರುವುದು ಹಿಂದಿನ ಚಕ್ರಗಳಿಗಿಂತಲೂ ಹಿಂದೆ. ತಿರುವಿನ ಮಧ್ಯೆ ಬೂಸ್ಟ್ ಬಂತು, ಹೆದರಿ ಕಾಲು ತೆಗೆದಿರೋ, ಕಾರಿನ ಹಿಂಭಾಗ ನಿಮ್ಮನ್ನೇ ದಾಟಿ ಹೋಗಲು ನೋಡುತ್ತದೆ. 'ವಿಡೋಮೇಕರ್' (ಹೆಂಡತಿಯನ್ನು ವಿಧವೆ ಮಾಡುವಂಥದ್ದು) ಅಂತ ಅಡ್ಡಹೆಸರು ಬಿದ್ದಿದ್ದು ಇದಕ್ಕೇ.

ಆಗುಂಬೆ ಘಾಟಿಗೆ ಇದು ಆಗಿಬರುವ ಗಾಡಿಯಲ್ಲ. ಅಲ್ಲಿ 14 ಹೇರ್‌ಪಿನ್ ತಿರುವು. ಟರ್ಬೊ ಏಳುವಷ್ಟರಲ್ಲಿ ಮುಂದಿನ ತಿರುವು, ಎದುರಿಗೊಂದು ಬಸ್ಸು. ನನ್ನ ಹಳೇ ಮಾರುತಿಯೇ ಸಾಕು. ಆದರೂ ಮಂಡಗದ್ದೆ ದಾಟಿ ತುಂಗೆಯ ಪಕ್ಕ ಸ್ವಲ್ಪ ನೇರ ರಸ್ತೆ ಸಿಕ್ಕರೆ, ಎರಡನೇ ಗೇರಿನಲ್ಲಿ ಕಾಲು ಒತ್ತಿ ಒಂದು ಗಳಿಗೆ ಕಿವಿಗೊಡುತ್ತೇನೆ. ಏನೂ ಕೇಳಿಸುವುದಿಲ್ಲ. ಟರ್ಬೊನೇ ಇಲ್ಲವಲ್ಲ.