ಕಾರಿನ ಹೀಟರ್ ಫ್ಯಾನ್ ಪೂರ್ತಿ ನಿಂತಿದೆ, ಹೊಸ ರೆಸಿಸ್ಟರ್ ಕೂಡ ಸುಟ್ಟಿದೆ. ಮತ್ತೊಂದು ಹಾಕಿಸಲೇ?

ಸದ್ಯಕ್ಕೆ ಬೇಡ. ನೀವು ಬರೆದ ಪ್ರಕಾರ ಫ್ಯಾನ್ ಮೊದಲು 4ನೇ ವೇಗದಲ್ಲಿ ಮಾತ್ರ ತಿರುಗುತ್ತಿತ್ತು. ರೆಸಿಸ್ಟರ್ (ಕರೆಂಟು ತಡೆದು ಫ್ಯಾನಿನ ವೇಗ ಇಳಿಸುವ ಭಾಗ) ಬದಲಿಸಿದ ಮೇಲೆ ಎರಡು ತಿಂಗಳು ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಪಾಡು. ಈಗ 4ರಲ್ಲೂ ಗಾಳಿ ಇಲ್ಲ, ಗ್ಲೋವ್ ಬಾಕ್ಸ್ ಕೆಳಗೆ ತಟ್ಟಿದರೆ ಒಮ್ಮೊಮ್ಮೆ ಓಡುತ್ತದೆ. ಇಷ್ಟನ್ನೂ ಜೋಡಿಸಿ ನೋಡಿದರೆ ರೆಸಿಸ್ಟರನ್ನು ಸುಡುತ್ತಿರುವುದು ಮೋಟರ್ ಎಂದೇ ನನಗನಿಸುತ್ತದೆ.

ನಾಬ್ ತಿರುಗಿಸಿ ವೇಗ ಬದಲಿಸುವ ಕಾರುಗಳಲ್ಲಿ ಸಾಮಾನ್ಯವಾಗಿ 1, 2, 3ರಲ್ಲಿ ಕರೆಂಟು ರೆಸಿಸ್ಟರ್ ಮೂಲಕ ಹೋಗುತ್ತದೆ, 4ರಲ್ಲಿ ಅದನ್ನು ಬಿಟ್ಟು ನೇರ ಹೋಗುತ್ತದೆ. 4 ಮಾತ್ರ ಓಡಿದರೆ ರೆಸಿಸ್ಟರ್ ಹೋಗಿದೆ ಎನ್ನುವುದು ಅದಕ್ಕೇ. ಆ ರೆಸಿಸ್ಟರ್ ಕೂತಿರುವುದು ಗಾಳಿಯ ದಾರಿಯಲ್ಲಿ, ಫ್ಯಾನಿನ ಗಾಳಿಯೇ ಅದನ್ನು ತಂಪಾಗಿಡಬೇಕು. ಮೋಟರಿನ ದಂಡ ತಿರುಗುವ ಬುಶ್ ಒಣಗಿ ಮೋಟರ್ ಬಿಗಿಯಾದಾಗ ಕರೆಂಟು ಹೆಚ್ಚು ಎಳೆಯುತ್ತದೆ, ಗಾಳಿ ಕಡಿಮೆ ಕೊಡುತ್ತದೆ. ಎರಡೂ ಪೆಟ್ಟು ರೆಸಿಸ್ಟರ್ ಮೇಲೆ ಬಿದ್ದು ಅದರ ಮೇಲಿನ ಥರ್ಮಲ್ ಫ್ಯೂಸ್ (ಹೆಚ್ಚು ಕಾದರೆ ಕರೆಂಟು ಕಡಿಯುವ ಭಾಗ) ಕರಗುತ್ತದೆ. ಕ್ಯಾಬಿನ್ ಫಿಲ್ಟರ್ ಧೂಳಿನಿಂದ ಕಟ್ಟಿಕೊಂಡಾಗ ಮೋಟರಿನ ಕರೆಂಟು ಏರುವುದಿಲ್ಲ, ಆದರೆ ತಂಪು ಸಿಗದೆ ರೆಸಿಸ್ಟರ್ ಸುಡಬಹುದು. ಫಿಲ್ಟರನ್ನೂ ತೆಗೆದು ನೋಡಿ.

ತಟ್ಟಿದರೆ ಓಡುವುದು ಹೆಚ್ಚಾಗಿ ಮೋಟರಿನೊಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದ ಲಕ್ಷಣ. ಆದರೆ ಸಡಿಲ ಕನೆಕ್ಟರ್ ಕೂಡ ಹೀಗೇ ಆಡುತ್ತದೆ, ಆದ್ದರಿಂದ ಅಳತೆ ಮಾಡದೆ ಏನನ್ನೂ ಕೊಳ್ಳಬೇಡಿ.

ಗ್ಲೋವ್ ಬಾಕ್ಸ್ ಬಿಚ್ಚಿ. ಹಳದಿ ಕನೆಕ್ಟರ್, ಹಳದಿ ಕವಚದ ವೈರ್ ಕಂಡರೆ ಮುಟ್ಟಬೇಡಿ, ಅವು ಏರ್‌ಬ್ಯಾಗಿನವು. ಮೋಟರಿನ ಕನೆಕ್ಟರನ್ನು ಕಳಚದೆ, ಇಗ್ನಿಷನ್ ಆನ್ ಮಾಡಿ ನಾಬ್ 4ಕ್ಕೆ ಇಟ್ಟು, ವೈರ್ ಒಳಹೋಗುವ ಹಿಂಭಾಗದಿಂದ ಮಲ್ಟಿಮೀಟರ್ ಮುಳ್ಳು ತೂರಿಸಿ. ಎರಡೂ ಪಿನ್‌ಗಳ ನಡುವೆ 12 ವೋಲ್ಟ್ ಹತ್ತಿರ ಬಂದೂ ಮೋಟರ್ ತಿರುಗದಿದ್ದರೆ ಮೋಟರ್ ಸತ್ತಿದೆ. ಬರದಿದ್ದರೆ ಒಂದೊಂದೇ ಪಿನ್ನನ್ನು ಕಾರಿನ ಲೋಹದ ಮೈಗೆ ಹೋಲಿಸಿ ಅಳೆಯಿರಿ. ಎರಡರಲ್ಲೂ 12 ಬಂದರೆ ದೋಷ ಮೈನಸ್ ಕಡೆ: ಮೈನಸ್ ವೈರನ್ನು ಕಾರಿನ ಲೋಹದ ಮೈಗೆ ಬಿಗಿದ ಅರ್ಥಿಂಗ್ ಬೋಲ್ಟ್, ಇಲ್ಲವೇ ಮೈನಸ್ ಕಡೆಯಲ್ಲೇ ಸ್ವಿಚ್ ಇರುವ ಕಾರಾದರೆ ಆ ಸ್ವಿಚ್ಚು. ಎರಡರಲ್ಲೂ ಏನೂ ಇಲ್ಲದಿದ್ದರೆ ರಿಲೇ (ಕರೆಂಟಿನಿಂದಲೇ ಆಡುವ ಸ್ವಿಚ್ಚು), ಫ್ಯೂಸ್ ಕಡೆ ಹಿಂದಕ್ಕೆ ಹುಡುಕುತ್ತಾ ಹೋಗಿ. ಫ್ಯೂಸನ್ನು ಕಣ್ಣಲ್ಲಿ ನೋಡಿ ಸರಿ ಇದೆ ಎನ್ನಬೇಡಿ, ಎರಡೂ ತುದಿಯಲ್ಲಿ ವೋಲ್ಟೇಜ್ ಅಳೆಯಿರಿ.

ಕನೆಕ್ಟರ್ ಕಳಚಬೇಡಿ ಎಂದದ್ದಕ್ಕೆ ಕಾರಣವಿದೆ, ತುಂಬಾ ಜನ ಎಡವುವುದು ಇಲ್ಲೇ. ಮಲ್ಟಿಮೀಟರ್ ಕರೆಂಟನ್ನೇ ಎಳೆಯುವುದಿಲ್ಲ ಎನ್ನಬಹುದು, ಹಾಗಾಗಿ ಕೂದಲೆಳೆಯಷ್ಟು ತಾಮ್ರ ಉಳಿದಿದ್ದರೂ ಅದು 12 ತೋರಿಸುತ್ತದೆ. 15-20 ಆಂಪಿಯರ್ ಬೇಡುವ ಮೋಟರಿಗೆ ಆ ಎಳೆ ಏನೇನೂ ಸಾಲದು. ಕಳಚಿಯೇ ಪರೀಕ್ಷಿಸಬೇಕಾದರೆ ಮೀಟರ್ ಬದಲು 55 ವ್ಯಾಟಿನ ಹೆಡ್‌ಲೈಟ್ ಬಲ್ಬ್ ಜೋಡಿಸಿ. ಅದು ಸುಮಾರು 4.5 ಆಂಪಿಯರ್ ಎಳೆಯುತ್ತದೆ, ಮಂಕಾಗಿ ಉರಿದರೆ ದಾರಿಯಲ್ಲೆಲ್ಲೋ ತಡೆ ಇದೆ.

ಈಗ ಇಗ್ನಿಷನ್ ಆಫ್ ಮಾಡಿ, ರೆಸಿಸ್ಟರಿನ ಕನೆಕ್ಟರ್ ಕಳಚಿ ಬೆಳಕಿಗೆ ಹಿಡಿಯಿರಿ. ಒಂದು ಪಿನ್ ಸುತ್ತ ಪ್ಲಾಸ್ಟಿಕ್ ಕಂದಿ ಉಬ್ಬಿದೆಯೇ, ಒಳಗಿನ ತಗಡು ಕಪ್ಪಾಗಿ ಬಾಯಿ ಬಿಟ್ಟಿದೆಯೇ? ಕಾದ ತಗಡು ಸ್ಪ್ರಿಂಗಿನ ಬಿಗಿ ಕಳೆದುಕೊಳ್ಳುತ್ತದೆ, ಸಡಿಲವಾದಷ್ಟೂ ಇನ್ನೂ ಕಾಯುತ್ತದೆ. ಇಂಥ ಕನೆಕ್ಟರಿಗೆ ಹೊಸ ರೆಸಿಸ್ಟರ್ ಸಿಕ್ಕಿಸಿದರೆ ಅದೂ ಹೋಗುತ್ತದೆ. ವೈರ್ ಸಮೇತ ಸಿಗುವ ಹೊಸ ಕನೆಕ್ಟರ್ ತನ್ನಿ, ಹಳೆಯ ವೈರನ್ನು ತಾಮ್ರ ಹೊಳೆಯುವವರೆಗೆ ಹಿಂದಕ್ಕೆ ಕತ್ತರಿಸಿ, ಅಷ್ಟೇ ದಪ್ಪದ ವೈರನ್ನು ಕ್ರಿಂಪ್ ಮಾಡಿ (ಲೋಹದ ಕೊಳವೆಯೊಳಗಿಟ್ಟು ಒತ್ತಿ ಜೋಡಿಸಿ) ಹೀಟ್ ಶ್ರಿಂಕ್ (ಕಾಯಿಸಿದರೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿ. ಜಾಯಿಂಟುಗಳು ಒಂದರ ಪಕ್ಕ ಒಂದು ಬಾರದಂತೆ ಹಿಂದೆ ಮುಂದೆ ಮಾಡಿ. ತಿರುಚಿ ಟೇಪ್ ಸುತ್ತುವುದನ್ನು ಇಲ್ಲಿ ಮಾಡಲೇಬೇಡಿ.

ಮೋಟರ್ ಹೊರತೆಗೆಯುವುದು ಸುಲಭ, ಬಹಳಷ್ಟು ಕಾರುಗಳಲ್ಲಿ ಎರಡು ಮೂರು ಸ್ಕ್ರೂ ಅಷ್ಟೇ. ಬೆರಳಲ್ಲಿ ತಿರುಗಿಸಿ. ಸದ್ದಿಲ್ಲದೆ ಸ್ವಲ್ಪ ದೂರ ತಾನೇ ಓಡಬೇಕು. ಕೆರೆದ ಸದ್ದು ಬಂದು ಥಟ್ಟನೆ ನಿಂತರೆ ಬದಲಿಸಿ. ಬುಶ್‌ಗೆ ಎಣ್ಣೆ ಬಿಟ್ಟು ಓಡಿಸುವುದು ನನಗೆ ಒಪ್ಪಿಗೆಯಿಲ್ಲ: ಎಣ್ಣೆ, ಬ್ರಷ್ ಉಜ್ಜುವ ಕಮ್ಯುಟೇಟರಿಗೆ ಇಳಿದರೆ ಕಾರ್ಬನ್ ಪುಡಿಯೊಂದಿಗೆ ಕೆಸರಾಗುತ್ತದೆ. ಫ್ಯಾನಿನ ರೆಕ್ಕೆಗೆ ಸಿಕ್ಕಿಸಿದ ಸಣ್ಣ ಕ್ಲಿಪ್ ಇದ್ದರೆ ಕೀಳಬೇಡಿ, ಅದು ಬ್ಯಾಲೆನ್ಸಿಗೆ ಹಾಕಿದ್ದು. ಮೋಟರ್ ಮೈಮೇಲೆ ತುಕ್ಕು, ನೀರಿನ ಗೆರೆ ಕಂಡರೆ ವೈಪರ್ ಕೆಳಗಿನ ನೀರು ಹೋಗುವ ತೂತು ಎಲೆಗಳಿಂದ ಮುಚ್ಚಿರಬಹುದು. ಅದನ್ನು ಬಿಡಿಸದಿದ್ದರೆ ಹೊಸ ಮೋಟರಿಗೂ ಅದೇ ಗತಿ.

ಫ್ಯೂಸ್ ಹಾರಿದರೆ ಹೆಚ್ಚು ಆಂಪಿಯರಿನದನ್ನು ಹಾಕಬೇಡಿ, ಆಗ ಫ್ಯೂಸಿನ ಬದಲು ವೈರ್ ಸುಡುತ್ತದೆ. ನಿಮ್ಮದು ಆಟೋಮ್ಯಾಟಿಕ್ ಕ್ಲೈಮೇಟ್ ಕಂಟ್ರೋಲ್ ಆಗಿದ್ದರೆ ರೆಸಿಸ್ಟರ್ ಜಾಗದಲ್ಲಿ ಹೀಟ್ ಸಿಂಕ್ ಇರುವ ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ. ಅದರ ತೆಳು ವೈರಿಗೆ ಬಲ್ಬ್ ಹಿಡಿಯಬೇಡಿ, ಮೀಟರ್ ಮಾತ್ರ. ಫ್ಯಾನ್ ಸರಿಯಾಗುವವರೆಗೆ ಮಳೆಯಲ್ಲಿ, ಚಳಿಯಲ್ಲಿ ಕಾರು ತೆಗೆಯದಿದ್ದರೆ ಒಳ್ಳೆಯದು. ಫ್ಯಾನ್ ಇಲ್ಲದೆ ಮುಂದಿನ ಗಾಜಿನ ಮಂಜು ಸರಿಯಾಗಿ ಬಿಡುವುದಿಲ್ಲ.

ಎಲ್ಲ ಜೋಡಿಸಿದ ಮೇಲೆ ಒಂದೊಂದು ವೇಗದಲ್ಲೂ ಹತ್ತು ನಿಮಿಷ ಓಡಿಸಿ, ಕನೆಕ್ಟರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ. ಬೆರಳಿಡಲಾಗದಷ್ಟು ಸುಟ್ಟರೆ ಆಫ್ ಮಾಡಿ, ವೈರ್ ಸುತ್ತ ಹಿಡಿಯುವ ಕ್ಲ್ಯಾಂಪ್ ಮೀಟರಿನಲ್ಲಿ ಮೋಟರಿನ ಕರೆಂಟು ಅಳೆಯಿರಿ, ಕ್ರಿಂಪ್ ಮತ್ತೆ ಮಾಡಿ.