ಓದುಗರ ಪ್ರಶ್ನೆ: ಕಸವಾಗುವ ಮೊದಲೇ ಶುರುವಾಗುವ ಪ್ಲಾಸ್ಟಿಕ್ ಹಾನಿ

ಪ್ರಶ್ನೆ: ಪ್ಲಾಸ್ಟಿಕ್ಕಿನ ತೊಂದರೆ ಎಂದರೆ ಕಸದ್ದೇ ಅಲ್ಲವೇ? ಎಲ್ಲವನ್ನೂ ಸಂಗ್ರಹಿಸಿ ಮರುಬಳಕೆ ಮಾಡಿದರೆ ಹವಾಮಾನಕ್ಕೇನು ಪೆಟ್ಟು?

ಉತ್ತರ: ಬೀದಿಯ ಕಸ ಕಣ್ಣಿಗೆ ಬೀಳುತ್ತದೆ, ಕಾರ್ಖಾನೆಯ ಕುಲುಮೆ ಬೀಳುವುದಿಲ್ಲ. ಶ್ರೀಮಂತ ದೇಶಗಳೇ ಹೆಚ್ಚಿರುವ ಆರ್ಥಿಕ ಒಕ್ಕೂಟ ಒಇಸಿಡಿಯ ಲೆಕ್ಕದಂತೆ 2019ರಲ್ಲಿ ಜಗತ್ತು ಬಳಸಿದ ಪ್ಲಾಸ್ಟಿಕ್ ಸುಮಾರು 46 ಕೋಟಿ ಟನ್. ತಯಾರಿಕೆಯಿಂದ ವಿಲೇವಾರಿಯವರೆಗೆ ಅದರಿಂದ ಹೊಮ್ಮಿದ ಹಸಿರುಮನೆ ಅನಿಲ 180 ಕೋಟಿ ಟನ್, ಅಂದರೆ ಜಗತ್ತಿನ ಒಟ್ಟು ಹೊರಸೂಸುವಿಕೆಯ ಶೇ 3.4. ಇದರಲ್ಲಿ ಸುಮಾರು ಶೇ 90 ಹೊಮ್ಮುವುದು ತೈಲ, ಅನಿಲಗಳಿಂದ ರಾಳ (ಕಚ್ಚಾ ಪ್ಲಾಸ್ಟಿಕ್) ತಯಾರಿಸಿ ಅದಕ್ಕೆ ವಸ್ತುವಿನ ರೂಪ ಕೊಡುವಷ್ಟರಲ್ಲೇ. ಕಸದ ಪಾಲು ಉಳಿದ ಶೇ 10.

ಇಷ್ಟೊಂದು ಇಂಧನ ಎಲ್ಲಿ ಹೋಗುತ್ತದೆ? ಕಚ್ಚಾತೈಲದಿಂದ ಬರುವ ನಾಫ್ತಾ ಅಥವಾ ನೈಸರ್ಗಿಕ ಅನಿಲದಿಂದ ಬರುವ ಈಥೇನನ್ನು ಹಬೆಯ ಜತೆ ಕುಲುಮೆಯ ಕೊಳವೆಗಳಲ್ಲಿ ಹಾಯಿಸಿ 800ರಿಂದ 850 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತಿನಲ್ಲಿ ಅಣುಗಳು ಮುರಿದು ಪಾಲಿಥೀನಿನ ಕಚ್ಚಾವಸ್ತುವಾದ ಈಥಿಲೀನ್ ಆಗುತ್ತದೆ. ಆಗ ತಕ್ಷಣ ತಣಿಸದಿದ್ದರೆ ಹುಟ್ಟಿದ ಈಥಿಲೀನೇ ಮುಂದಕ್ಕೆ ಪ್ರತಿಕ್ರಿಯಿಸಿ ಹಾಳಾಗುತ್ತದೆ, ಕೊಳವೆಯೊಳಗೆ ಕೋಕ್ ಎಂಬ ಇಂಗಾಲದ ಗಟ್ಟಿ ಪದರ ಕಟ್ಟಿಕೊಳ್ಳುತ್ತದೆ. ಈಥಿಲೀನ್ ಕುದಿಯುವುದೇ ಮೈನಸ್ 104 ಡಿಗ್ರಿಯಲ್ಲಿ. ಹಾಗಾಗಿ ಬೇರೆ ಅನಿಲಗಳಿಂದ ಅದನ್ನು ಬೇರ್ಪಡಿಸಲು ದೊಡ್ಡ ಕಂಪ್ರೆಸರ್‌ಗಳೂ ಅತಿಶೈತ್ಯವೂ ಬೇಕು. ಕೆಂಡದಂತೆ ಕಾಯಿಸಲು ಒಮ್ಮೆ, ಹಿಮಕ್ಕಿಂತ ತಣ್ಣಗಾಗಿಸಲು ಇನ್ನೊಮ್ಮೆ ಇಂಧನ ಸುಡಬೇಕು. ಘಟಕ ಹಠಾತ್ತನೆ ನಿಂತರೆ ಒಳಗಿನ ಅನಿಲವನ್ನೆಲ್ಲ ಫ್ಲೇರ್ ಚಿಮಣಿಗೆ ಬಿಟ್ಟು ಉರಿಸುತ್ತಾರೆ, ಆ ಉರಿ ಸರಿಯಾಗಿರದಿದ್ದರೆ ಮಸಿ, ಬೆಂಜೀನ್, ಮೀಥೇನ್ ಎಲ್ಲವೂ ಹೊರಗೆ.

ಮರುಬಳಕೆ ಬೇಡವೆಂದಲ್ಲ. ಆದರೆ ಇಡೀ ಜಗತ್ತಿನಲ್ಲಿ ಮರುಬಳಕೆಯಾಗುತ್ತಿರುವುದು ಪ್ಲಾಸ್ಟಿಕ್ ತ್ಯಾಜ್ಯದ ಶೇ 9 ಮಾತ್ರ. ಹೊಸ ರಾಳದ ತಯಾರಿಕೆ ತಗ್ಗದೆ ಈ ಲೆಕ್ಕ ಸರಿಹೋಗುವುದಿಲ್ಲ.

ಪ್ರಶ್ನೆ: ಸಿಮೆಂಟ್ ಗೂಡಿನಲ್ಲೋ ವಿದ್ಯುತ್ ಸ್ಥಾವರದಲ್ಲೋ ಸುಟ್ಟು ಶಾಖ ಪಡೆದರೆ ಆಗದೇ?

ಉತ್ತರ: ಲೆಕ್ಕ ನೀವೇ ಹಾಕಬಹುದು. ಪಾಲಿಥೀನಿನ ಘಟಕ ಒಂದು ಇಂಗಾಲ, ಎರಡು ಜಲಜನಕ, ತೂಕ 14. ಸುಟ್ಟಾಗ ಅದು 44 ತೂಕದ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಹೀಗಾಗಿ 1 ಕಿಲೋ ಪಾಲಿಥೀನ್ ಸುಟ್ಟರೆ 3.1 ಕಿಲೋ, ನೀರಿನ ಬಾಟಲಿಯ ಪೆಟ್ ಆದರೆ 2.3 ಕಿಲೋ. ಕಲ್ಲಿದ್ದಲಿಗೆ ಹೋಲಿಸಿದರೆ ಅಷ್ಟೇ ಶಾಖಕ್ಕೆ ಪಾಲಿಥೀನಿನದು ತುಸು ಕಡಿಮೆ ಎಂಬುದು ನಿಜ. ಸೌರವಿದ್ಯುತ್ತಿಗೆ ಹೋಲಿಸಿದರೆ ಬರೀ ನಷ್ಟ. ಪಿವಿಸಿ ಮಾತ್ರ ಗೂಡಿಗೆ ಹೋಗಲೇಬಾರದು. ಅದರ ತೂಕದ ಶೇ 57 ಕ್ಲೋರಿನ್. 1 ಕಿಲೋದಿಂದ ಸುಮಾರು 580 ಗ್ರಾಂ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲೀಯ ಅನಿಲ ಹುಟ್ಟಬಹುದು. ಉರಿ ಹದ ತಪ್ಪಿದರೆ ಡಯಾಕ್ಸಿನ್ ಎಂಬ ವಿಷ ಬೇರೆ. ಸಿಮೆಂಟ್ ಗೂಡಿನಲ್ಲಂತೂ ಕ್ಲೋರೈಡ್ ಲವಣ ಹೆಪ್ಪುಗಟ್ಟಿ ಕಚ್ಚಾಪುಡಿಯನ್ನು ಮೊದಲೇ ಕಾಯಿಸುವ ಪ್ರೀಹೀಟರಿನ ದಾರಿಯೇ ಕಟ್ಟಿಕೊಳ್ಳುತ್ತದೆ.

ಪ್ರಶ್ನೆ: ಪಿವಿಸಿ ಪೈಪ್ ಮುಟ್ಟಿದರೆ ಕ್ಯಾನ್ಸರ್ ಬರುತ್ತದೆಯೇ?

ಉತ್ತರ: ಇಲ್ಲ. ಗಟ್ಟಿ ಪೈಪ್ ಬೇರೆ, ಅದನ್ನು ಮಾಡುವ ವಿನೈಲ್ ಕ್ಲೋರೈಡ್ ಅನಿಲ ಬೇರೆ. ಅನಿಲ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂಬುದು ಖಚಿತ. 1974ರಲ್ಲಿ ಅಮೆರಿಕದ ಲೂಯಿವಿಲ್‌ನ ಒಂದು ಕಾರ್ಖಾನೆಯ ಕಾರ್ಮಿಕರಲ್ಲಿ ಯಕೃತ್ತಿನ ಆ್ಯಂಜಿಯೋಸಾರ್ಕೋಮಾ ಎಂಬ ಅತಿ ಅಪರೂಪದ ಕ್ಯಾನ್ಸರ್ ಒಂದರ ಹಿಂದೊಂದು ಕಂಡಿತು. ರಿಯಾಕ್ಟರಿನ ಗೋಡೆಗೆ ಅಂಟಿದ ಹೆಪ್ಪನ್ನು ಒಳಗಿಳಿದು ಕೈಯಾರೆ ಕೆರೆಯುವ ಕೆಲಸ ಅತಿ ಅಪಾಯದ್ದಾಗಿತ್ತು. ಅದಾದ ಮೇಲೆ ಅಲ್ಲಿ ಕೆಲಸದ ಜಾಗದ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 500 ಪಾಲಿನವರೆಗೆ ಇರಬಹುದಾಗಿದ್ದ ಮಿತಿ 1ಕ್ಕೆ ಇಳಿಯಿತು. ಪ್ರತಿಕ್ರಿಯೆಗೊಳ್ಳದೆ ಉಳಿದ ಅನಿಲವನ್ನು ಹಬೆ ಹಾಯಿಸಿ ಹೊರತೆಗೆದು ಮತ್ತೆ ಬಳಸುವುದು, ರಿಯಾಕ್ಟರನ್ನು ಹೊರಗಿನಿಂದಲೇ ಅಧಿಕ ಒತ್ತಡದ ನೀರಿನಲ್ಲಿ ತೊಳೆಯುವುದು, ಹೀಗೆ ವಿಧಾನವೇ ಬದಲಾಯಿತು. ಮೆದು ಪಿವಿಸಿಯ ಕಥೆ ಬೇರೆ: ಅದನ್ನು ಮೆದುವಾಗಿಸುವ ಥ್ಯಾಲೇಟ್‌ಗಳು ರಾಸಾಯನಿಕವಾಗಿ ಬೆಸೆದುಕೊಂಡಿರುವುದಿಲ್ಲ, ಮೆಲ್ಲಗೆ ಹೊರಬರುತ್ತವೆ, ಕೊಬ್ಬಿನ ಆಹಾರ ಸೋಕಿದರೆ ಇನ್ನೂ ಬೇಗ.

ಪ್ರಶ್ನೆ: 2020ರಲ್ಲಿ ವಿಶಾಖಪಟ್ಟಣದಲ್ಲಿ ನಿಂತ ಕಾರ್ಖಾನೆಯಿಂದ ಅನಿಲ ಸೋರಿದ್ದು ಹೇಗೆ?

ಉತ್ತರ: ಮೇ 7ರ ನಸುಕಿನಲ್ಲಿ ಸೋರಿದ್ದು ಸ್ಟೈರೀನ್ ಆವಿ, ಪಾಲಿಸ್ಟೈರೀನಿನ ಕಚ್ಚಾವಸ್ತು. 12 ಮಂದಿ ತೀರಿಕೊಂಡರು. ಸ್ಟೈರೀನ್ ಸುಮ್ಮನೆ ಬಿಟ್ಟರೂ ತಾನಾಗಿಯೇ ಪಾಲಿಮರ್, ಅಂದರೆ ಅಣುಗಳು ಬೆಸೆದ ಉದ್ದ ಸರಪಳಿ, ಆಗುತ್ತದೆ, ಆಗುವಾಗ ಶಾಖ ಬಿಡುತ್ತದೆ. ಆ ಶಾಖ ಪ್ರತಿಕ್ರಿಯೆಯನ್ನು ಇನ್ನಷ್ಟು ಓಡಿಸುತ್ತದೆ. ಇದಕ್ಕೆ ತಡೆಯೆಂದು ಟಿಬಿಸಿ ಎಂಬ ವಸ್ತುವನ್ನು ಅತ್ಯಲ್ಪ ಬೆರೆಸುತ್ತಾರೆ. ಅದು ದಿನಗಳೆದಂತೆ ಮುಗಿಯುತ್ತದೆ. ಕೆಲಸ ಮಾಡಲು ಕರಗಿದ ಆಮ್ಲಜನಕವೂ ಬೇಕು. ದ್ರವವನ್ನು ತಂಪಾಗಿಡಬೇಕು, ತಿರುಗಿಸುತ್ತಿರಬೇಕು. ಲಾಕ್‌ಡೌನಿನಲ್ಲಿ ವಾರಗಟ್ಟಲೆ ನಿಂತ ಟ್ಯಾಂಕಿನಲ್ಲಿ ಇವು ಕೈಕೊಟ್ಟವು. ಉಷ್ಣಮಾಪಕ ಇದ್ದದ್ದು ತಳದಲ್ಲಿ, ದ್ರವ ಕಾದದ್ದು ಮೇಲಿನ ಪದರದಲ್ಲಿ. ಮೀಟರ್ ನೋಡಿದವರಿಗೆ ಎಲ್ಲ ಸರಿಯಿದ್ದಂತೆ ಕಾಣುವ ಏರ್ಪಾಟು ಅದು. ನಿಂತ ಘಟಕ ಸುರಕ್ಷಿತ ಎಂಬ ನಂಬಿಕೆಯೇ ತಪ್ಪು.

ಪ್ರಶ್ನೆ: ಮನೆಯಲ್ಲಿ ಯಾವ ಡಬ್ಬಿ ಇಟ್ಟುಕೊಳ್ಳಲಿ?

ಉತ್ತರ: ತಳದ ತ್ರಿಕೋನದ ಅಂಕಿ ನೋಡಿ. 1 ಪೆಟ್, ಸುಮಾರು 70 ಡಿಗ್ರಿಗೇ ಮೆದುವಾಗುತ್ತದೆ, ಬಿಸಿನೀರು ಬೇಡ. 3 ಪಿವಿಸಿ, 6 ಪಾಲಿಸ್ಟೈರೀನ್; ಇವೆರಡರಲ್ಲೂ ಬಿಸಿ ಆಹಾರ, ಎಣ್ಣೆಪದಾರ್ಥ ಬೇಡವೇ ಬೇಡ. 5 ಪಾಲಿಪ್ರೊಪಿಲೀನ್ ಬಿಸಿಗೆ ತಡೆಯುತ್ತದೆ, ಕಾದ ಎಣ್ಣೆಗಲ್ಲ. 7ರಲ್ಲಿ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಇರಬಹುದು. ಬಿಸಿನೀರು, ಕ್ಷಾರದ ಸೋಪು ತಾಗಿದಷ್ಟೂ ಬಿಸ್ಫೆನಾಲ್-ಎ ಎಂಬ, ದೇಹದಲ್ಲಿ ಹಾರ್ಮೋನಿನಂತೆ ವರ್ತಿಸುವ ರಾಸಾಯನಿಕ ಬಿಡುತ್ತದೆ. ಮಸುಕಾದದ್ದನ್ನು ಆಹಾರಕ್ಕೆ ಬಳಸಬೇಡಿ, ಮೊಳೆ-ಸ್ಕ್ರೂ ತುಂಬಿಡಲು ಧಾರಾಳವಾಗಿ ಬಳಸಿ.

ಪ್ರಶ್ನೆ: ತಯಾರಿಕೆಗೇ ಮಿತಿ ಹಾಕುವ ಜಾಗತಿಕ ಒಪ್ಪಂದ ಏನಾಯಿತು?

ಉತ್ತರ: ವಿಶ್ವಸಂಸ್ಥೆಯ ಪರಿಸರ ಸಭೆ 2022ರ ಮಾರ್ಚ್‌ನಲ್ಲಿ ಅದಕ್ಕೆ ಚಾಲನೆ ಕೊಟ್ಟಿತು. 2024ರ ಕೊನೆಯಲ್ಲಿ ಬುಸಾನ್‌ನಲ್ಲೂ 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲೂ ಒಮ್ಮತ ಮೂಡಲಿಲ್ಲ. ಜಗಳದ ದೊಡ್ಡ ಗಂಟು ಇದೇ ಮಿತಿ: ತೈಲ ಉತ್ಪಾದಿಸುವ ಹಲವು ದೇಶಗಳು ಒಪ್ಪಂದವನ್ನು ಕಸದ ನಿರ್ವಹಣೆಗಷ್ಟೇ ಸೀಮಿತಗೊಳಿಸಲು ಪಟ್ಟುಹಿಡಿದಿವೆ.